ಕಾಕುವಿನ ಮರಿ ಮತ್ತು ನಾನು ಕೊಟ್ಟ ಟಾನಿಕ್

ಶನಿವಾರ ಬೆಳಿಗ್ಗೆ ಎಮ್ಮೆ ಹಿಂಡಿ ಹಾಲಿನ ಪಾತ್ರೆ ಹಿಡಿದು ಬರುತ್ತಿದ್ದೆ. ಅಂಗಳದ ಆಚೆ, ಬೇವಿನ ಗಿಡದ ಬಳಿ ಕಾಕು ನಿಂತಿರುವುದು ಕಂಡಿತು. ಅವಳು ನನಗೆ ಸಂಬಂಧಿಯಲ್ಲ. ವಯಸ್ಸಿನಲ್ಲಿ ದೊಡ್ಡವಳೆಂದು ಓಣಿಯವರೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಕೈಯಲ್ಲಿ ಗೊಬ್ಬರದ ಚೀಲದ ತುಂಡೊಂದನ್ನು ಸುತ್ತಿ ಹಿಡಿದಿದ್ದಳು. ನಮ್ಮದು ಜೈನರ ಮನೆ. ಕೋಳಿಯ ಸಂಗತಿ ಎಂದು ಅವಳು ಅಂಗಳದೊಳಗೆ ಕಾಲಿಡಲಿಲ್ಲ. ನಾನೇ ಹೊರಗೆ ಹೋದೆ. ಚೀಲ ಬಿಚ್ಚಿದಳು. ಒಳಗೆ ಸತ್ತ ಮರಿ, ಹಿಂಭಾಗದ ಪುಕ್ಕಗಳಿಗೆ ರಕ್ತ ಅಂಟಿ ಒಣಗಿತ್ತು.

"ನೀವು ಕಣ್ಣಾಗ ಹನಿ ಹಾಕಿ ಹೋದ ಮ್ಯಾಲ ಹಿಂಗಾಗೇತಿ ಅಕ್ಕಾರ" ಎಂದಳು. ಬೈಯಲಿಲ್ಲ, ಅಳಲಿಲ್ಲ. ಅದೇ ನನಗೆ ಹೆಚ್ಚು ನಾಟಿತು.

ನಾನು ರಾಯಬಾಗ ಮತ್ತು ಚಿಂಚಲಿಯ ನಡುವಿನ ಒಂದು ಊರಿನಲ್ಲಿ ಪಶು ಸಖಿ. ಡಾಕ್ಟರಲ್ಲ. ಕೆಲವು ವಾರಗಳ ತರಬೇತಿ ಪಡೆದು, ಒಂದು ನೀಲಿ ಕಿಟ್ಟು, ಒಂದು ನೋಟ್‌ಬುಕ್ಕು ಹಿಡಿದು ಮನೆ ಮನೆ ತಿರುಗುವವಳು. ದನಕ್ಕೆ ಜಂತಿನ ಔಷಧ ಕೊಡುವುದು, ಆಡಿನ ಗಾಯ ತೊಳೆಯುವುದು, ಲಸಿಕೆ ಹಾಕಿಸಲು ಜನರನ್ನು ಒಪ್ಪಿಸುವುದು ನನ್ನ ಕೆಲಸ. ಆ ಚಳಿಗಾಲ ನಮ್ಮ ಮಹಿಳಾ ಸಂಘದ ಹನ್ನೆರಡು ಮಂದಿಗೆ ತಲಾ ಹತ್ತು ಕೋಳಿಮರಿ ಬಂದಿದ್ದವು. ಮರಿಗಳಿಗೆ ನಾಲ್ಕು ವಾರ ತುಂಬಿದಾಗ, ಅಂದರೆ ಆ ಸೋಮವಾರ, ಕೊಕ್ಕರೆ ರೋಗ ಬರಬಾರದೆಂದು ಪ್ರತಿ ಮರಿಯ ಕಣ್ಣಿಗೆ ಒಂದೊಂದು ಹನಿ ಲಸಿಕೆ ಹಾಕಿದ್ದೆ. ಮಂಗಳವಾರ, ಬುಧವಾರ ಅಕಾಲದ ಮಳೆ ಸುರಿಯಿತು. ಶುಕ್ರವಾರ ಸಂಜೆ ಕಾಕುವಿನ ಒಂದು ಮರಿ ಸತ್ತಿತು. ಶನಿವಾರ ಬೆಳಕು ಹರಿಯುವಷ್ಟರಲ್ಲಿ ಇನ್ನೆರಡು.

ಲಸಿಕೆಯಿಂದ ಹೀಗೆ ರಕ್ತ ಹೋಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿರುವುದು ಬೇರೆ, ನಾಲ್ಕು ಜನರೆದುರು ಅದನ್ನು ತೋರಿಸುವುದು ಬೇರೆ. ಆಗಲೇ ಪಕ್ಕದ ಮನೆಯ ಇಬ್ಬರು ಬಾಗಿಲಲ್ಲಿ ಬಂದು ನಿಂತಿದ್ದರು. ಎಂಟು ವಾರಕ್ಕೆ ಇನ್ನೊಂದು ಲಸಿಕೆ, ಈ ಸಲ ಸೂಜಿಯದು, ಹಾಕಬೇಕಿತ್ತು. ಹನಿಯಿಂದ ಮರಿ ಸತ್ತವು ಎಂಬ ಮಾತು ಓಣಿಯಲ್ಲಿ ಗಟ್ಟಿಯಾದರೆ ಯಾರೂ ಸೂಜಿಗೆ ಕೋಳಿ ಹಿಡಿದುಕೊಡುವುದಿಲ್ಲ. ಆಮೇಲೆ ಕೊಕ್ಕರೆ ರೋಗ ಬಂದರೆ ಒಂದೇ ವಾರದಲ್ಲಿ ಹನ್ನೆರಡೂ ಮನೆಯ ಗೂಡು ಖಾಲಿ.

ಕಾಕುವಿನ ಮನೆಗೆ ಹೋದೆ. ಗೋಡೆಗೆ ತಗಡು ಇಳಿಸಿ ಮಾಡಿದ ಗೂಡು. ನೀರಿನ ಡಬ್ಬಿಯ ತಳ ಸೀಳಿತ್ತು, ಮೇಲೆ ತಗಡು ಸೋರಿತ್ತು. ನೆಲಕ್ಕೆ ಹಾಸಿದ್ದು ಬೆಲ್ಲದ ಗಾಣದಿಂದ ತಂದ ಒಣ ಕಬ್ಬಿನ ಸಿಪ್ಪೆ. ಈಗ ಅದು ಒಣ ಉಳಿದಿರಲಿಲ್ಲ. ಒಂದು ಮುಷ್ಟಿ ಹಿಡಿದು ಹಿಂಡಿ ಕೈ ಬಿಚ್ಚಿದೆ. ಉಂಡೆ ಉಂಡೆಯಾಗಿಯೇ ಉಳಿಯಿತು. ಬಿಡಿಬಿಡಿಯಾಗಿ ಉದುರಬೇಕಿತ್ತು. ಮೂರು ಮರಿಗಳು ಮೂಲೆಯಲ್ಲಿ ಪುಕ್ಕ ಕೆದರಿ, ರೆಕ್ಕೆ ಇಳಿಬಿಟ್ಟು, ಕತ್ತು ಒಳಗೆಳೆದುಕೊಂಡು ಕೂತಿದ್ದವು. ಉಳಿದ ನಾಲ್ಕು ಇನ್ನೂ ಓಡಾಡುತ್ತಿದ್ದವು. ಹಿಕ್ಕೆಯಲ್ಲಿ ಕೆಂಪು.

ಏನು ರೋಗವೆಂದು ಊಹೆ ಇತ್ತು, ಆದರೆ ಊಹೆಯ ಮೇಲೆ ಔಷಧ ಕೊಡುವ ಅಧಿಕಾರ ನನಗಿಲ್ಲ. ಸತ್ತ ಮರಿಯನ್ನು ಕಾಗದದಲ್ಲಿ ಸುತ್ತಿ, ಎರಡು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ರಾಯಬಾಗದ ಬಸ್ಸು ಹತ್ತಿದೆ. ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ರಸ್ತೆಯ ಮುಕ್ಕಾಲು ಭಾಗ ತುಂಬಿದ್ದವು. ಬಸ್ಸು ನಡೆದದ್ದಕ್ಕಿಂತ ನಿಂತದ್ದೇ ಹೆಚ್ಚು. ತೊಡೆಯ ಮೇಲಿನ ಚೀಲದಲ್ಲಿ ಏನಿದೆ ಎಂದು ಪಕ್ಕದ ಹೆಂಗಸು ಮರಾಠಿಯಲ್ಲಿ ಕೇಳಿದಳು. ಔಷಧ ಎಂದೆ. ನಾನು ತಡಮಾಡಿದಷ್ಟೂ ಆ ಮೂರು ಮರಿಗಳ ರಕ್ತ ಹೋಗುತ್ತಲೇ ಇರುತ್ತದೆ ಎನಿಸಿ ಇಳಿದು ನಡೆಯೋಣವೇ ಎಂದುಕೊಂಡೆ.

ಪಶು ಆಸ್ಪತ್ರೆಯ ಡಾಕ್ಟರು ಹಿಂಬದಿಯ ಕಟ್ಟೆಯ ಮೇಲೆ ಮರಿಯನ್ನು ಕೊಯ್ದರು. ನಾನು ಹುಟ್ಟಿದ ಮನೆಯಲ್ಲೂ, ಸೇರಿದ ಮನೆಯಲ್ಲೂ ಇಂಥದ್ದನ್ನು ಕಂಡವಳಲ್ಲ. ತರಬೇತಿಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ಈ ಪಾಠ ದಾಟಿಸಿದ್ದೆ. ಇಲ್ಲಿ ಹಿಂದಿನ ಸಾಲಿರಲಿಲ್ಲ. ಅವರು ಕರುಳನ್ನು ಬಿಡಿಸಿ, ಕೊನೆಯಲ್ಲಿ ಕವಲಾಗಿ ಇರುವ ಎರಡು ಕುರುಡು ಕರುಳನ್ನು ತೋರಿಸಿದರು. ಎರಡೂ ಉಬ್ಬಿ ಕಪ್ಪುಗೆಂಪಾಗಿದ್ದವು. ಒಂದನ್ನು ಸೀಳಿದಾಗ ಹೆಪ್ಪುಗಟ್ಟಿದ ರಕ್ತ ಬಂತು. ರಕ್ತಭೇದಿ. ಒದ್ದೆ ಹಾಸಿನಲ್ಲಿ ಬೆಳೆಯುವ, ಕಣ್ಣಿಗೆ ಕಾಣದ ಜೀವಿ ಕರುಳಿನ ಗೋಡೆ ಕೊರೆಯುವ ರೋಗ.

ಡಾಕ್ಟರು ನೀರಿಗೆ ಬೆರೆಸುವ ಬಿಳಿ ಪುಡಿ ಬರೆದುಕೊಟ್ಟರು. ಐದು ದಿನ ಪೂರ್ತಿ ಪ್ರಮಾಣ, ಆಮೇಲೆ ಒಂದು ವಾರ ಕಡಿಮೆ. ದಿನಾ ಹೊಸದಾಗಿ ಬೆರೆಸಬೇಕು, ಬೇರೆ ನೀರು ಇಡಕೂಡದು, ಹಾಸು ಪೂರಾ ತೆಗೆದು ಸುಡಬೇಕು, ರೋಗದ ಮರಿಗಳನ್ನು ಬೇರೆ ಇಡಬೇಕು. ಕೊನೆಗೆ, ಬೇರೆ ಏನಾದರೂ ಔಷಧ ಕೊಡುತ್ತಿದ್ದೀರಾ ಎಂದು ಕೇಳಿದರು. ಇಲ್ಲ ಎಂದೆ. ಆ ಹೊತ್ತಿಗೆ ಅದು ನಿಜವೂ ಆಗಿತ್ತು.

ಮಧ್ಯಾಹ್ನದ ನಂತರ ಕಾಕು ಮತ್ತು ನಾನು ಸೇರಿ ಗೂಡು ಬರಿದು ಮಾಡಿದೆವು. ಹಾಸನ್ನು ಬುಟ್ಟಿಯಲ್ಲಿ ತುಂಬಿ ಹೊಲದ ಬದುವಿಗೆ ಒಯ್ದು ಸುಟ್ಟೆವು. ನೆಲ ಕೆರೆದು ಸುಣ್ಣ ಉದುರಿಸಿದೆವು. ಒಣ ಶೇಂಗಾ ಸಿಪ್ಪೆ ತಂದು ಹರಡಿದೆವು. ಆರೋಗ್ಯವಾಗಿದ್ದ ನಾಲ್ಕನ್ನು ಗೂಡಿನಲ್ಲಿ, ಮೂರನ್ನು ಒಂದು ಹಳೆ ಬುಟ್ಟಿಯಡಿ ಬೇರೆ ಇಟ್ಟೆವು. ಔಷಧದ ನೀರು ಎರಡೂ ಕಡೆ ಇಟ್ಟೆ. ನೋಡಲು ಬರೀ ನೀರೇ. ಬಣ್ಣವಿಲ್ಲ, ವಾಸನೆಯಿಲ್ಲ. ಕಾಕು ಅದನ್ನು ನೋಡಿ, ಇಷ್ಟೇಯೇನ್ರಿ ಎಂದು ಕೇಳಿದಳು.

ಆಗ ನಾನು ಕಿಟ್ಟಿನಿಂದ ಕೆಂಪು ಟಾನಿಕ್ಕಿನ ಬಾಟಲಿ ತೆಗೆದೆ. ಮೂರು ಮರಿ ಸತ್ತ ಮನೆಯಲ್ಲಿ ಬಣ್ಣವಿಲ್ಲದ ನೀರಿಟ್ಟು ಎದ್ದು ಬರಲು ಮನಸ್ಸಾಗಲಿಲ್ಲ. ನಿತ್ರಾಣಕ್ಕೆ ಎಲ್ಲರೂ ಕೊಡುವ ಟಾನಿಕ್ಕು, ಒಳ್ಳೆಯದೇ. ರೋಗದ ಮೂರು ಮರಿಗಳ ತಾಟಿಗೆ ಎರಡು ಚಮಚೆ ಸುರಿದೆ. ನೀರು ದಾಳಿಂಬೆ ಬಣ್ಣಕ್ಕೆ ತಿರುಗಿತು. ಕಾಕುವಿನ ಮುಖ ಕೊಂಚ ಸಡಿಲಾಯಿತು. ನನ್ನದೂ.

ಭಾನುವಾರ ಮೂರು ಸಲ ಹೋಗಿ ಬಂದೆ. ಗೂಡಿನ ನಾಲ್ಕು ಚುರುಕಾಗಿಯೇ ಇದ್ದವು. ಬುಟ್ಟಿಯಡಿಯ ಮೂರು ಹಾಗೇ ಇದ್ದವು. ಪ್ರತಿ ಸಲ ಹೋದಾಗಲೂ ಓಣಿಯಲ್ಲಿ ಯಾರಾದರೊಬ್ಬರು ಹೊರಬಂದು, ಹೆಂಗದಾವ ಎಂದು ಕೇಳುವರು. ಕೇಳುವ ಧಾಟಿಯಲ್ಲೇ ಉತ್ತರ ಅವರಿಗೆ ಗೊತ್ತಿದೆ ಎಂಬಂತಿರುತ್ತಿತ್ತು. ಒಬ್ಬಳು ತನ್ನ ಮರಿಗಳನ್ನು ನನ್ನ ಕಣ್ಣಿಗೆ ಬೀಳದಂತೆ ಒಳಗೆ ಅಟ್ಟಿದ್ದನ್ನು ನೋಡಿದೆ.

ಸೋಮವಾರ ಬೆಳಿಗ್ಗೆ ಮೂರರಲ್ಲಿ ಎರಡು ಸತ್ತಿದ್ದವು. ಉಳಿದದ್ದು ಕಂದುಬಣ್ಣದ, ಎದೆಯ ಮೇಲೆ ಕಪ್ಪು ಚುಕ್ಕೆಯ ಒಂದು ಹೇಂಟೆಮರಿ. ಜುಟ್ಟು ಸುಣ್ಣದಂತೆ ಬಿಳಿಚಿತ್ತು. ಎತ್ತಿದರೆ ಹತ್ತಿಯಷ್ಟು ಹಗುರ. ರಾತ್ರಿಯಿಂದ ತಾಟಿನ ನೀರು ಮುಟ್ಟಿರಲಿಲ್ಲ. ಕುಡಿಯದ ಮರಿಗೆ ತಾಟಿನಲ್ಲಿ ಔಷಧವಿಟ್ಟು ಏನು ಪ್ರಯೋಜನ? ಯಾರಾದರೂ ಕೂತು ಹನಿಹನಿಯಾಗಿ ಕುಡಿಸಬೇಕು. ಕಾಕು ಕಬ್ಬಿನ ಹೊಲಕ್ಕೆ ಕಸ ತೆಗೆಯಲು ಹೊರಟು ನಿಂತಿದ್ದಳು, ಬರುವುದು ಸಂಜೆಗೆ. ನನ್ನನ್ನು ನೋಡದೆಯೇ ಹೇಳಿದಳು.

"ಬಿಟ್ಬಿಡ್ರಿ ಅಕ್ಕಾರ. ಅದೂ ಹೋಗೂದ. ನೀವ್ಯಾಕ ಸುಮ್ನ ತ್ರಾಸ ತಗೋತೀರಿ."

ಬಿಟ್ಟುಬಿಡಬಹುದಿತ್ತು. ರೋಗ ಯಾವುದೆಂದು ತಿಳಿದಿತ್ತು, ಉಳಿದ ನಾಲ್ಕು ಬದುಕುವಂತಿದ್ದವು. ಆದರೆ ನಾನು ಕೈಹಾಕಿದ ಮೂರಕ್ಕೆ ಮೂರೂ ಸತ್ತವು ಎಂದರೆ ಓಣಿಯವರು ಬೇರೆ ಏನನ್ನೂ ಕೇಳುವುದಿಲ್ಲ. ಅದೊಂದೇ ಅಲ್ಲ. ಮರಿ ನನ್ನ ಅಂಗೈಯಲ್ಲಿ ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿತು. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಯ ದಾರಿ ಹಿಡಿದೆ.

ಈ ಕೆಲಸಕ್ಕೆ ಸೇರುವಾಗ ನಮ್ಮ ಮನೆಯಲ್ಲಿ ಒಂದು ಮಾತಾಗಿತ್ತು. ದನ, ಎಮ್ಮೆ, ಆಡು ಯಾವುದಕ್ಕೂ ಅಡ್ಡಿಯಿಲ್ಲ. ಕೋಳಿಯ ಕೆಲಸ ಹೊರಗೇ ಮುಗಿಸಿ, ಸ್ನಾನ ಮಾಡಿ ಒಳಗೆ ಬರಬೇಕು. ಅತ್ತೆ ಹೇಳಿದ್ದು, ನಾನು ಒಪ್ಪಿದ್ದು. ಆ ದಿನ ಅವರು ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಸೆರಗು ಬಿಚ್ಚಿ ತೋರಿಸಿದೆ. ಯಾರದು, ಏನು ರೋಗ ಎಂದು ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಜೋಳದಲ್ಲಿ ಕಲ್ಲು ಆರಿಸುತ್ತಲೇ ಇದ್ದರು.

"ಬದುಕಿದ ಮ್ಯಾಲ ಅದನ್ನೇನ್ ಮಾಡ್ತಾರ?"

ತತ್ತಿ ಇಡುತ್ತದೆ ಎಂದೆ. ಆಮೇಲೆ ಎಂದು ಕೇಳಿದರು. ಆಮೇಲಿನದು ಕಾಕುವಿಗೆ ಬಿಟ್ಟದ್ದು, ನನ್ನ ಕೈಯಲ್ಲಿಲ್ಲ ಎಂದೆ. ಸುಳ್ಳು ಹೇಳಲು ಬರಲಿಲ್ಲ. ಅತ್ತೆ ಮೊರ ಕೆಳಗಿಟ್ಟರು.

"ಒಳಗ ಬ್ಯಾಡ. ಹಿತ್ತಲದಾಗ ಕಟಗಿ ಖೋಲಿ ಐತಲ್ಲ, ಅಲ್ಲಿಡು. ನೀರ್ ಬೇಕಂದ್ರ ಕಾಸಿ ಸೋಸಿದ್ದು ಹಂಡೇದಾಗೈತಿ. ನಾನ ಹಾಕಿಕೊಡ್ತೀನಿ, ನೀ ಮುಟ್ಟಬ್ಯಾಡ."

ಕಟ್ಟಿಗೆಯ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆ ಇಟ್ಟೆ. ತಳಕ್ಕೆ ಹಳೆಯ ಮರಾಠಿ ಪೇಪರು ಹಾಸಿದೆ. ಹಿಕ್ಕೆಯ ಬಣ್ಣ ಕಾಣಬೇಕಲ್ಲ. ಮರಿಗೆ ಬಿಸಿ ಬೇಕು. ಬಲ್ಬು ಇಳಿಬಿಟ್ಟೆ, ಹಗಲು ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಅದಕ್ಕೇ ಪ್ಲಾಸ್ಟಿಕ್ ಬಾಟಲಿಗೆ ಬಿಸಿನೀರು ತುಂಬಿ, ಹಳೆ ಸೀರೆಯ ತುಂಡು ಸುತ್ತಿ ಮರಿಯ ಪಕ್ಕಕ್ಕೆ ಮಲಗಿಸಿದೆ. ಗಂಟೆಗೊಮ್ಮೆ ಆರುತ್ತದೆ, ಗಂಟೆಗೊಮ್ಮೆ ಬದಲಿಸಬೇಕು. ಔಷಧದ ನೀರನ್ನು ಡ್ರಾಪರಿನಲ್ಲಿ ತೆಗೆದು ಕೊಕ್ಕಿನ ಪಕ್ಕದ ಅಂಚಿಗೆ ಒಂದು ಹನಿ ತಾಗಿಸಬೇಕು. ಬಾಯಿ ತೆರೆದು ಸುರಿದರೆ ಉಸಿರಿನ ಕೊಳವೆಗೆ ಹೋಗುತ್ತದೆ. ಹನಿ ತಾಗಿಸುವುದು, ಅದು ನುಂಗುವವರೆಗೆ ಕಾಯುವುದು, ಇನ್ನೊಂದು ಹನಿ. ಹತ್ತು ಹನಿಗೆ ಕಾಲು ಗಂಟೆ.

ಔಷಧ ಹತ್ತು ಹನಿ, ಟಾನಿಕ್ಕು ಐದು ಹನಿ. ನನ್ನ ಲೆಕ್ಕ ಅದಾಗಿತ್ತು.

ಸೋಮವಾರ ಹೀಗೇ ಕಳೆಯಿತು. ನನಗೆ ಬೇರೆ ಯಾವ ಕೆಲಸದಲ್ಲೂ ಕೈ ನಿಲ್ಲಲಿಲ್ಲ. ರೊಟ್ಟಿ ಬಡಿಯುತ್ತಾ ಅರ್ಧಕ್ಕೆ ಬಿಟ್ಟು ಹಿತ್ತಿಲಿಗೆ ಹೋಗುವುದು, ಪೆಟ್ಟಿಗೆ ಬಗ್ಗಿ ನೋಡುವುದು, ಪಕ್ಕೆ ಏಳುತ್ತಾ ಇಳಿಯುತ್ತಾ ಇದೆಯೇ ಎಂದು ಕಾಯುವುದು, ಬರುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದಿರುವುದು. ಒಂದು ಎಮ್ಮೆಯ ಗರ್ಭದ ತಪಾಸಣೆಗೆ ಕರೆದಿದ್ದರು; ನಾಳೆ ಬರುತ್ತೇನೆಂದು ಹೇಳಿ ಕಳಿಸಿದೆ. ನನ್ನ ಗಂಡ ಸಕ್ಕರೆ ಕಾರ್ಖಾನೆಯ ತೂಕದ ಕಾಟಾದಲ್ಲಿ ಪಾಳಿ ಮುಗಿಸಿ ಬಂದು, ಊಟಕ್ಕೆ ಯಾರೂ ಬಡಿಸದ್ದನ್ನು ಕಂಡು ತಾನೇ ಬಡಿಸಿಕೊಂಡರು.

ಮಂಗಳವಾರ ಪೇಪರಿನ ಮೇಲೆ ಮತ್ತೆ ಕೆಂಪು ಬಿತ್ತು. ಬೆಳಿಗ್ಗೆ ಬಿದ್ದದ್ದಕ್ಕಿಂತ ಮಧ್ಯಾಹ್ನ ಹೆಚ್ಚು. ಔಷಧ ಶುರುವಾಗಿ ಮೂರು ದಿನ ತುಂಬಿತ್ತು; ಇಷ್ಟರಲ್ಲಿ ಇಳಿಯಬೇಕಿತ್ತು. ಮರಿ ಕಾಲು ಮಡಚಿ ಕೂತದ್ದು ಏಳಲೇ ಇಲ್ಲ. ನಿಶ್ಶಕ್ತಿ ಎಂದುಕೊಂಡೆ. ಟಾನಿಕ್ಕನ್ನು ಐದು ಹನಿಯಿಂದ ಹತ್ತಕ್ಕೆ ಏರಿಸಿದೆ. ಸಂಜೆ ಕಾಕು ಹೊಲದಿಂದ ನೇರವಾಗಿ ಬಂದು ಹಿತ್ತಲ ಬೇಲಿಯ ಆಚೆ ನಿಂತು ವಿಚಾರಿಸಿದಳು. ಪೆಟ್ಟಿಗೆ ಎತ್ತಿ ತೋರಿಸಿದೆ. ಗೂಡಿನ ನಾಲ್ಕು ಚೆಂದ ತಿನ್ನುತ್ತಿವೆ, ಅವಕ್ಕೆ ಏನೂ ಆಗಿಲ್ಲ ಎಂದಳು. ಅದೇ ಪುಡಿ, ಅದೇ ದಿನ ಶುರುವಾದದ್ದು. ಅವು ಏಕೆ ಚೆನ್ನಾಗಿವೆ, ಇದು ಏಕೆ ಹೀಗೆ ಎಂಬ ಪ್ರಶ್ನೆ ಆಗಲೇ ನನ್ನ ಎದುರು ಬಂದು ನಿಂತಿತ್ತು. ಮೊದಲೇ ರೋಗ ಬಲಿತಿತ್ತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಬುಧವಾರ ಬೆಳಿಗ್ಗೆ ಅದಕ್ಕೆ ಕತ್ತು ನಿಲ್ಲುತ್ತಿರಲಿಲ್ಲ. ಕೊಕ್ಕು ಪೇಪರಿಗೆ ತಾಗಿತ್ತು. ಎರಡು ಸಲ ಹನಿ ತಾಗಿಸಿದರೂ ನುಂಗಲಿಲ್ಲ. ಮೂರನೆಯದಕ್ಕೆ ನುಂಗಿತು. ಹಿತ್ತಿಲಿನಲ್ಲೇ ನಿಂತು ಡಾಕ್ಟರಿಗೆ ಫೋನು ಹಚ್ಚಿದೆ. ಔಷಧ ನಾಟುತ್ತಿಲ್ಲ, ಬೇರೆ ಬರೆದುಕೊಡಿ ಎಂದೆ. ಅವರು ಆತುರಪಡಲಿಲ್ಲ.

"ಬ್ಯಾರೆ ಔಷಧದ ಮಾತು ಆಮ್ಯಾಲ. ಬೆಳಿಗ್ಗಿಂದ ಅದರ ಬಾಯಾಗ ಏನೇನ್ ಹೋಗೇತಿ, ಒಂದೊಂದ ಹೇಳ್ರಿ. ನೀರ್ ಸೈತ ಬಿಡಬ್ಯಾಡ್ರಿ."

ಔಷಧದ ನೀರು. ಅದರಲ್ಲೇ ನೆನೆಸಿದ ಗೋಂಜಾಳದ, ಅಂದರೆ ಮೆಕ್ಕೆಜೋಳದ, ನುಚ್ಚು, ಸ್ವಲ್ಪ. ಟಾನಿಕ್ಕು.

"ಯಾವ ಟಾನಿಕ್?"

ಬಾಟಲಿ ಕೈಯಲ್ಲೇ ಇತ್ತು. ಹಿಂದಿನ ಚೀಟಿಯ ಸಣ್ಣ ಅಕ್ಷರ ಓದತೊಡಗಿದೆ. ಮೊದಲ ಹೆಸರು ಬಿ-ಒಂದು ಜೀವಸತ್ವ. ಅದನ್ನ ಇನ್ನೊಮ್ಮೆ ಓದ್ರಿ ಎಂದರು. ಮತ್ತೆ ಓದಿದೆ.

"ಅಲ್ಲೇ ಐತಿ ನೋಡ್ರಿ" ಎಂದರು ಡಾಕ್ಟರು. "ಆ ರೋಗದ ಜೀವ ಬದುಕೂದ ಆ ಜೀವಸತ್ವದ ಮ್ಯಾಲ. ನಮ್ಮ ಪುಡಿ ಅದರಂಗ ವೇಷ ಹಾಕ್ಕೊಂಡ್ ಹೋಗಿ ಅದನ್ನ ಉಪವಾಸ ಕೆಡವತೈತಿ. ನೀವು ಖರೇ ಜೀವಸತ್ವನ ಕೊಟ್ಟೀರಿ. ಒಂದ್ ಕೈಲೆ ಉಪವಾಸ ಹಾಕಿ, ಇನ್ನೊಂದ್ ಕೈಲೆ ತಾಟ ಬಡಿಸಿದಂಗಾತು."

ಸತ್ತ ಆ ಎರಡು ಮರಿಗಳು ಟಾನಿಕ್ಕಿನಿಂದಲೇ ಹೋದವೇ ಎಂದು ಕೇಳಿದೆ. ಹೇಳಲು ಬರುವುದಿಲ್ಲ, ಅವು ಹೇಗೂ ಹೋಗುತ್ತಿದ್ದವೇನೋ ಎಂದರು. ಇವತ್ತಿನಿಂದ ಹೊಸದಾಗಿ ಐದು ದಿನ ಎಣಿಸಿ, ಔಷಧದ ನೀರು ಮತ್ತು ಅದರಲ್ಲಿ ನೆನೆಸಿದ ನುಚ್ಚು ಬಿಟ್ಟು ಬೇರೇನೂ ಕೊಡಬೇಡಿ, ಬೆಚ್ಚಗಿಡಿ ಎಂದರು.

ಫೋನಿಟ್ಟು ಒಳಗೆ ಹೋಗಿ ತರಬೇತಿಯ ನೋಟ್‌ಬುಕ್ಕು ತೆಗೆದೆ. ಕೋಳಿಯ ರೋಗಗಳ ಪುಟದಲ್ಲಿ, ನನ್ನದೇ ಅಕ್ಷರದಲ್ಲಿ, ಕೆಳಗೆ ಗೆರೆ ಎಳೆದು ಬರೆದಿತ್ತು: ಈ ಪುಡಿ ಕೊಡುವಾಗ ಬಿ-ಕಾಂಪ್ಲೆಕ್ಸ್ ಟಾನಿಕ್ ನಿಲ್ಲಿಸಬೇಕು. ಬರೆದ ನೆನಪೂ ಇರಲಿಲ್ಲ. ಡಾಕ್ಟರು ಶನಿವಾರವೇ ಕೇಳಿದ್ದರು, ಬೇರೆ ಏನಾದರೂ ಕೊಡುತ್ತಿದ್ದೀರಾ ಎಂದು. ಆಮೇಲೆ ಸುರಿಯುವಾಗಲೂ ಅವರ ಮಾತು ನೆನಪಾಗಲಿಲ್ಲ. ಟಾನಿಕ್ಕನ್ನು ನಾನು ಔಷಧವೆಂದೇ ಎಣಿಸಿರಲಿಲ್ಲ. ಅದು ಕಾಕುವಿಗೂ ನನಗೂ ಧೈರ್ಯಕ್ಕೆಂದು ಕೊಟ್ಟದ್ದು.

ಬಾಟಲಿಯನ್ನು ಕಿಟ್ಟಿನ ತಳಕ್ಕೆ ತಳ್ಳಿದೆ. ಆಮೇಲಿನ ಒಂದೂವರೆ ದಿನ ಅತ್ಯಂತ ಕಷ್ಟದ್ದು. ಮೊದಲು ಏನಾದರೊಂದು ಮಾಡುತ್ತಿದ್ದೆ, ಹನಿ ಏರಿಸುತ್ತಿದ್ದೆ. ಈಗ ಮಾಡಲು ಹೆಚ್ಚೇನೂ ಇರಲಿಲ್ಲ. ಡ್ರಾಪರು, ಬಿಸಿ ಬಾಟಲಿ, ಪೇಪರು. ಮರಿ ಸೊರಗಿದ್ದು ಕಂಡಾಗಲೆಲ್ಲ ಕೈ ತಾನೇ ಕಿಟ್ಟಿನ ಕಡೆ ಹೋಗುತ್ತಿತ್ತು. ಬೆಲ್ಲದ ನೀರು ಕೊಡಲೇ? ಮಜ್ಜಿಗೆ? ಯಾವುದು ಯಾವುದಕ್ಕೆ ಅಡ್ಡ ಬರುತ್ತದೋ ಎಂದು ಈಗ ಎಲ್ಲದಕ್ಕೂ ಹೆದರಿಕೆ. ಹಿತ್ತಿಲು, ಅಡುಗೆಮನೆ, ಮತ್ತೆ ಹಿತ್ತಿಲು. ಮಧ್ಯಾಹ್ನ ಅತ್ತೆ ಹಿತ್ತಿಲ ಬಾಗಿಲಿಗೆ ಅಡ್ಡ ಕೂತುಬಿಟ್ಟರು.

"ಈಗಷ್ಟ ಬಂದಿದ್ದೀ. ಸ್ವಲ್ಪ ಹೊತ್ತ ಅದರ ಬಲ್ಲಿ ಹೋಗಬ್ಯಾಡ. ರೋಗದ್ದಕ್ಕಿಂತ ಅದಕ್ಕ ನಿನ್ನ ಕಾಟಾನ ಹೆಚ್ಚಾಗೇತಿ."

ನಗು ಬರಬೇಕಿತ್ತು, ಬರಲಿಲ್ಲ. ಆದರೆ ಕೂತೆ. ಅವರ ಪಕ್ಕದಲ್ಲೇ ಕೂತು ಮೆಂತ್ಯದ ಸೊಪ್ಪು ಬಿಡಿಸಿದೆ. ಬಾಟಲಿ ಆರುವ ಹೊತ್ತಿಗೆ ಅವರೇ ಎದ್ದು ದಾರಿ ಬಿಟ್ಟರು.

ಗುರುವಾರ ಬೆಳಿಗ್ಗೆ ಪೇಪರಿನ ಮೇಲಿನ ಹಿಕ್ಕೆ ಕಂದು ಬಣ್ಣಕ್ಕಿತ್ತು. ಕೆಂಪು ಇದೆಯೋ ಇಲ್ಲವೋ ಎಂದು ಕೋಣೆಯ ಹೊರಗೆ ತಂದು ಬಿಸಿಲಿಗೆ ಹಿಡಿದು ನೋಡಿದೆ. ಒಂದು ಗೆರೆ ಇತ್ತು. ಮಧ್ಯಾಹ್ನದ್ದರಲ್ಲಿ ಗೆರೆಯೂ ಇರಲಿಲ್ಲ. ನಂಬಲಿಲ್ಲ. ಸಂಜೆಯದನ್ನೂ ನೋಡಿದೆ. ಶುಕ್ರವಾರ ಮರಿ ಕತ್ತೆತ್ತಿ ಡ್ರಾಪರಿನ ತುದಿಯನ್ನು ತಾನೇ ಕುಕ್ಕಿತು. ಅಷ್ಟು ದಿನದಲ್ಲಿ ಮೊದಲ ಸಲ ನನಗೆ ನೋವಾಗುವಷ್ಟು ಬಲವಾಗಿ ಬೆರಳಿಗೂ ಕುಕ್ಕಿತು. ಶನಿವಾರ ಪೆಟ್ಟಿಗೆಯ ಗೋಡೆಗೆ ಎದೆ ಕೊಟ್ಟು ನಿಂತಿತು, ತಾಟಿನಿಂದ ಕುಡಿಯಿತು. ಭಾನುವಾರಕ್ಕೆ ಹೊಸ ಲೆಕ್ಕದ ಐದು ದಿನ ಮುಗಿಯುವುದಿತ್ತು, ಮರುದಿನದಿಂದ ಔಷಧದ ಪ್ರಮಾಣ ಇಳಿಸುವುದು. ಭಾನುವಾರ ಮಧ್ಯಾಹ್ನ ಕಟ್ಟಿಗೆಯ ಕೋಣೆಯ ಮುಂದೆ ಜೋಳದ ನುಚ್ಚು ಚೆಲ್ಲಿತ್ತು. ಯಾರು ಹಾಕಿದ್ದೆಂದು ಕೇಳಿದೆ. ಗುಬ್ಬಿಗೆ ಹಾಕಿದ್ದು ಎಂದರು ಅತ್ತೆ. ಗುಬ್ಬಿಗಳಿಗೆ ಅವರು ಯಾವಾಗಲೂ ಹಾಕುವುದು ಮುಂಬಾಗಿಲ ಕಟ್ಟೆಯ ಮೇಲೆ.

ಸೋಮವಾರ ಮರಿಯನ್ನು ಕಾಕುವಿನ ಗೂಡಿಗೆ ಬಿಟ್ಟೆ. ಒಂದು ವಾರದಲ್ಲಿ ಆ ನಾಲ್ಕು ಇದನ್ನು ಮರೆತಿದ್ದವು. ಮೈಮೇಲೆ ಬಿದ್ದು ಕುಕ್ಕತೊಡಗಿದವು. ಕ್ಷಣದಲ್ಲಿ ಇದರ ಕತ್ತಿನ ಪುಕ್ಕ ಹಾರಿತು. ಇಷ್ಟು ದಿನ ಕಾದು ಈಗ ಇವುಗಳ ಕೈಗೆ ಕೊಡುವುದೇ ಎಂದು ಕಸಿದು ಎತ್ತಿಕೊಂಡೆ. ಕಾಕು ಮಾತ್ರ ಗಾಬರಿಯಾಗಲಿಲ್ಲ. ಹೊತ್ತು ಇಳಿಯಲಿ, ಅವು ಮಲಗಲು ಒತ್ತೊತ್ತಾಗಿ ಕೂತಾಗ ನಡುವೆ ಸೇರಿಸಿದರೆ ಬೆಳಿಗ್ಗೆ ತಮ್ಮದೇ ಎಂದುಕೊಳ್ಳುತ್ತವೆ ಎಂದಳು. ಅದು ನನ್ನ ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ಮುಸ್ಸಂಜೆಗೆ ಹಾಗೇ ಮಾಡಿದಳು. ಮಂಗಳವಾರ ಬೆಳಿಗ್ಗೆ ಹೋಗಿ ನೋಡಿದರೆ ಐದೂ ಒಂದೇ ತಾಟಿನಲ್ಲಿ ಕುಕ್ಕುತ್ತಿದ್ದವು. ಇದು ಗಾತ್ರದಲ್ಲಿ ಉಳಿದವುಗಳ ಮುಕ್ಕಾಲು ಭಾಗದಷ್ಟಿತ್ತು. ಆಮೇಲೂ ಸಣ್ಣದಾಗಿಯೇ ಉಳಿಯಿತು.

ಆ ಮಂಗಳವಾರ ಸಂಜೆಗೆ ಸಂಘದ ಸಭೆ. ಗಂಡನಿಗೆ ಟಾನಿಕ್ಕಿನ ವಿಷಯ ಹೇಳಿದ್ದೆ. ಯಾರೂ ಕೇಳಿಲ್ಲ, ನೀನಾಗಿ ಯಾಕೆ ಹೇಳುತ್ತೀ, ಮರಿ ಬದುಕಿದೆಯಲ್ಲ ಎಂದಿದ್ದರು. ಮಾತಿನಲ್ಲಿ ತಪ್ಪಿರಲಿಲ್ಲ. ಸೂಜಿಯ ಲಸಿಕೆಗೆ ಒಪ್ಪಿಸಲು ಹೊರಟವಳು, ನನ್ನ ಕೈಯಿಂದಲೇ ತಪ್ಪಾಯಿತು ಎಂದು ಶುರುಮಾಡಿದರೆ ಯಾರು ಒಪ್ಪುತ್ತಾರೆ? ಸಭೆಗೆ ಹೋಗುವ ದಾರಿಯಲ್ಲೆಲ್ಲ ಹೇಳುತ್ತೇನೆ, ಹೇಳುವುದಿಲ್ಲ ಎಂದು ಹೆಜ್ಜೆಗೊಮ್ಮೆ ಮನಸ್ಸು ಬದಲಾಗುತ್ತಿತ್ತು.

ಸಮುದಾಯ ಭವನದ ಜಗುಲಿಯ ಮೇಲೆ ಹೆಂಗಸರು ಕೂತಿದ್ದರು. ಕಾಕು ಗೋಡೆಗೆ ಒರಗಿದ್ದಳು. ಮೊದಲು ರೋಗದ ಬಗ್ಗೆ ಹೇಳಿದೆ: ಡಾಕ್ಟರು ಕೊಯ್ದು ತೋರಿಸಿದ ಕರುಳು, ಒದ್ದೆ ಹಾಸು, ಹನಿಗೂ ಇದಕ್ಕೂ ಸಂಬಂಧವಿಲ್ಲ, ಹನಿ ಹಾಕಿದ ಬೇರೆ ಹನ್ನೊಂದು ಮನೆಯ ಮರಿಗಳು ಚೆನ್ನಾಗಿಯೇ ಇವೆ. ಎಲ್ಲರೂ ತಲೆಯಾಡಿಸಿದರು. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಬಾಟಲಿ ಹೊರತೆಗೆದು, ಇದನ್ನು ನಾನು ಔಷಧದ ಜೊತೆ ಕೊಟ್ಟೆ, ಕೊಡಬಾರದಿತ್ತು, ಕಾಕುವಿನ ಎರಡು ಮರಿ ಇದರಿಂದಲೇ ಹೋಗಿರಬಹುದು ಎಂದೆ.

ನನಗೆ ಕಾಕುವಿನ ಮುಖ ನೋಡಲಾಗಲಿಲ್ಲ.

"ನೀವು ಹೇಳಲಿಲ್ಲಂದ್ರ ನಮಗ ಗೊತ್ತಾಗ್ತಿರಲಿಲ್ಲ" ಎಂದಳು ಅವಳು.

"ಹೌದು ಕಾಕು."

"ನಾನರ ಮನ್ಯಾಗ ಅಂಥದ್ದ ಒಂದ್ ಬಾಟ್ಲಿ ಇಟ್ಟೀನಿ. ನಿಮ್ಮದ ನೋಡಿ ತಂದಿದ್ನಿ. ಆ ನಾಕಕ್ಕ ಕೊಡೂನು ಅಂತ ನಿನ್ನೆ ಬಿಚ್ಚೀನಿ." ಎದ್ದು ನಿಂತಳು. "ತಡೀರಿ, ತರ್ತೀನಿ. ಓದಿ ಹೇಳ್ರಿ."

ಅವಳು ತಂದದ್ದು ಬೇರೆ ಹೆಸರಿನ ಬಾಟಲಿ, ಒಳಗೆ ಅದೇ ಜೀವಸತ್ವ. ಪುಡಿ ಕೊಡುವುದು ಮುಗಿಯುವವರೆಗೆ ಬೇಡ ಎಂದೆ. ನಾನು ಓದುವಷ್ಟರಲ್ಲಿ ಇನ್ನೊಬ್ಬಳು ಎದ್ದು ಹೋಗಿದ್ದಳು. ಅವಳ ಹಿಂದೆ ಮತ್ತಿಬ್ಬರು. ಆಡಿಗೆಂದು ತಂದದ್ದು, ಎಮ್ಮೆ ಹಾಲಿಗೆಂದು ತಂದದ್ದು, ಮೊಮ್ಮಗಳ ಕೆಮ್ಮಿನದು, ಚೀಟಿ ಕಿತ್ತುಹೋಗಿ ಏನೆಂದೇ ತಿಳಿಯದ ಒಂದು. ಸೆರಗಿನಲ್ಲಿ, ಚೀಲದಲ್ಲಿ, ಕೈಯಲ್ಲಿ ಹಿಡಿದು ತಂದು ನನ್ನ ಮುಂದೆ ಸಾಲಾಗಿ ಇಟ್ಟರು. ಮರಿಗಳನ್ನು ಒಳಗೆ ಅಟ್ಟಿದ್ದವಳು ಮಾತ್ರ ತರಲಿಲ್ಲ. ಸೂಜಿಗೂ ಅವಳು ಕೊನೆಯವರೆಗೆ ಒಪ್ಪಲಿಲ್ಲ. ಉಳಿದವರು ಒಪ್ಪಿದರೋ ಇಲ್ಲವೋ ಎಂದು ಆ ಹೊತ್ತಿಗೆ ನಾನು ಕೇಳಲೂ ಇಲ್ಲ. ಸೂಜಿಯ ದಿನ ಅವರಾಗಿಯೇ ಕೋಳಿ ಹಿಡಿದುಕೊಂಡು ಬಂದರು.

ಒಂದೊಂದೇ ಬಾಟಲಿ ಎತ್ತಿ, ಬೆಳಕಿಗೆ ಹಿಡಿದು, ಸಣ್ಣ ಅಕ್ಷರಗಳನ್ನು ಗಟ್ಟಿಯಾಗಿ ಓದಿದೆ. ತಿಳಿಯದ ಹೆಸರು ಬಂದಾಗ ತಿಳಿಯದು ಎಂದೆ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ, ಡಾಕ್ಟರನ್ನು ಕೇಳಿ ಹೇಳುತ್ತೇನೆ ಎಂದೆ. ಯಾರಿಗೂ ಅದು ಕಡಿಮೆ ಎನಿಸಿದಂತೆ ಕಾಣಲಿಲ್ಲ. ನಮ್ಮ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಕೊನೆಯ ಬಾಟಲಿ ಮುಗಿಸಿ ಮನೆ ಸೇರಿದಾಗ ಕತ್ತಲಾಗಿತ್ತು. ಅತ್ತೆ ಒಂದು ತಂಬಿಗೆ ನೀರು ತಂದು ಕೊಟ್ಟು, ಎಷ್ಟು ಮಂದಿ ಬಂದಿದ್ದರು ಎಂದು ಕೇಳಿದರು. ಹತ್ತು ಹನ್ನೊಂದು ಎಂದೆ. ಹಸಿದ ಹೊಟ್ಟೆಯಲ್ಲೇ ಮಲಗಿದೆ. ಎಂಟು ದಿನಗಳ ಮೇಲೆ ಮೊದಲ ಸಲ, ಎದ್ದು ಹಿತ್ತಿಲಿಗೆ ಹೋಗಿ ನೋಡಬೇಕು ಎನಿಸಲಿಲ್ಲ.